ನೋಡದ ಚೀನಾವನ್ನು ಯೂರೋಪು ಕಟ್ಟಿಕೊಂಡ ಬಗೆ

ನಮ್ಮ ಹಳೆಯ ಕಾವ್ಯಗಳಲ್ಲಿ ಅರಸಿಯರು ಚೀನಾಂಬರ ಉಡುತ್ತಾರೆ. ಆ ಬಟ್ಟೆಯ ನಾಡು ಎಲ್ಲಿದೆ, ಅಲ್ಲಿನ ಜನ ಹೇಗಿದ್ದಾರೆ ಎಂಬುದು ಕವಿಗೂ ಬೇಕಿರಲಿಲ್ಲ, ಕೇಳುವವರಿಗೂ ಬೇಕಿರಲಿಲ್ಲ. ರೇಷ್ಮೆಯ ನುಣುಪು ಮನಸ್ಸಿಗೆ ಬಂದರೆ ಸಾಕಿತ್ತು. ಮಲೆನಾಡಿನಲ್ಲಿ ಸಿಹಿಗುಂಬಳವನ್ನು ಚೀನಿಕಾಯಿ ಎನ್ನುತ್ತಾರೆ. ಆ ಬಳ್ಳಿಯ ತವರು ಚೀನಾ ಅಲ್ಲ, ಅಮೆರಿಕ ಖಂಡ. ದೂರದಿಂದ ಬಂದದ್ದಕ್ಕೆಲ್ಲ ಒಂದು ದೂರದ ಊರಿನ ಹೆಸರು ಅಂಟಿಕೊಳ್ಳುವುದು ಎಲ್ಲ ಭಾಷೆಗಳಲ್ಲೂ ನಡೆದಿದೆ. ಇಂಗ್ಲಿಷಿನಲ್ಲಂತೂ ದೇಶದ ಹೆಸರೇ ವಸ್ತುವಿನ ಹೆಸರಾಯಿತು: ನಾವು ಪಿಂಗಾಣಿ ಎನ್ನುವುದನ್ನು ಅವರು ‘ಚೈನಾ’ ಎನ್ನುತ್ತಾರೆ.

ಯೂರೋಪಿನವರು ಇಷ್ಟಕ್ಕೇ ನಿಲ್ಲಲಿಲ್ಲ. 17 ಮತ್ತು 18ನೆಯ ಶತಮಾನಗಳಲ್ಲಿ ಅವರು ತಾವು ಕಂಡಿರದ ಆ ದೇಶವನ್ನು ತಮ್ಮ ತಟ್ಟೆ, ಬಟ್ಟಲು, ಕುರ್ಚಿ, ಗೋಡೆ, ಪರದೆ, ತೋಟದ ಮಂಟಪ ಎಲ್ಲದರ ಮೇಲೂ ಚಿತ್ರಿಸತೊಡಗಿದರು. ಕೊಡೆ ಹಿಡಿದ ಉದ್ದ ಮೀಸೆಯ ಮುದುಕ, ಬಾಗಿದ ಸೂರಿನ ಪುಟ್ಟ ಮನೆ, ಗಂಟೆ ತೂಗುವ ಗೋಪುರ, ಬಾಲ ಸುರುಳಿ ಸುತ್ತಿದ ಡ್ರ್ಯಾಗನ್, ಮನುಷ್ಯನಿಗಿಂತ ದೊಡ್ಡ ಹಕ್ಕಿ, ನೀರಿನಲ್ಲೋ ಗಾಳಿಯಲ್ಲೋ ತೇಲುವ ದ್ವೀಪ. ಈ ಇಡೀ ಶೈಲಿಗೆ ‘ಶಿನ್ವಾಜರಿ’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ‘ಶಿನ್ವಾ’ ಎಂದರೆ ಚೀನೀ. ಆ ಹೆಸರು ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ, ಆ ಗೀಳಿನ ಭರ ಇಳಿದ ಮೇಲೆ.

ಇದನ್ನು ಚೀನೀ ಕಲೆಯ ಕಳಪೆ ನಕಲು ಎಂದು ತಳ್ಳಿಹಾಕುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಕಲು ಮಾಡಬೇಕಾದರೆ ಮೂಲ ಕಣ್ಣೆದುರಿಗೆ ಇರಬೇಕು, ಮೂಲದ ಸಾಮಗ್ರಿ ಕೈಯಲ್ಲಿರಬೇಕು. ಯೂರೋಪಿನ ಕುಶಲಕರ್ಮಿಗೆ ಎರಡೂ ಇರಲಿಲ್ಲ. ಪಿಂಗಾಣಿಯ ಮಣ್ಣು ಯಾವುದೆಂದು ಗೊತ್ತಿರಲಿಲ್ಲ, ಲ್ಯಾಕರ್ ಎಂಬ ಅರಗಿನ ಕೆಲಸಕ್ಕೆ ಸೊನೆ ಕೊಡುವ ಮರ ಅವನ ನಾಡಿನಲ್ಲಿ ಬೆಳೆಯುತ್ತಿರಲಿಲ್ಲ, ಚೀನಾ ಆರೇಳು ತಿಂಗಳ ಹಡಗಿನ ದಾರಿಯಾಚೆ ಇತ್ತು. ಈ ಮೂರು ಕೊರತೆಗಳನ್ನು ಅವನು ತುಂಬಿಕೊಂಡ ಬಗೆಯೇ ಶಿನ್ವಾಜರಿ. ಹಾಗಾಗಿ ಅದರಲ್ಲಿರುವ ತಪ್ಪುಗಳನ್ನು ಹಿಡಿದು ಹೊರಟರೆ ಅದರ ಹುಟ್ಟಿನ ಬುಡಕ್ಕೇ ಹೋಗಿ ಮುಟ್ಟಬಹುದು.

ಮೊದಲು ಪಿಂಗಾಣಿ. ಪೋರ್ಚುಗೀಸರು 16ನೆಯ ಶತಮಾನದ ಆರಂಭದಲ್ಲಿ ಚೀನಾದ ತೀರ ಮುಟ್ಟಿದ ಮೇಲೆ ಬಿಳಿ ಮೈಯ ಮೇಲೆ ನೀಲಿ ಚಿತ್ರವಿದ್ದ ಪಾತ್ರೆಗಳು ಯೂರೋಪಿನ ಅರಮನೆಗಳಿಗೆ ಹೋಗತೊಡಗಿದವು. ಅಲ್ಲಿಯವರೆಗೆ ಅವು ಅಪರೂಪದ ನಿಧಿಗಳು. 1602 ಮತ್ತು 1603ರಲ್ಲಿ ಡಚ್ಚರು ಎರಡು ಪೋರ್ಚುಗೀಸ್ ಹಡಗುಗಳನ್ನು ಸೆರೆಹಿಡಿದರು. ಎರಡನೆಯದಾದ ಸಾಂತಾ ಕತರೀನಾದ ಸರಕು ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂದಾಗ ಯೂರೋಪಿನ ಕೊಳ್ಳುಗರು ಮುಗಿಬಿದ್ದರು. ಪಿಂಗಾಣಿಯನ್ನು ಅರಸರ ಕಪಾಟಿನಿಂದ ವ್ಯಾಪಾರಿಯ ಮನೆಗೆ ಇಳಿಸಿದ್ದು ಡಚ್ಚರ ಈಸ್ಟ್ ಇಂಡಿಯಾ ಕಂಪನಿ. ಆಮೇಲೆ ಚಹಾ ಬಂತು. ಚಹಾಕ್ಕೆ ಬಟ್ಟಲು ಬೇಕು, ಬಿಸಿ ತಾಳುವ ಕೆಟಲು ಬೇಕು. ಚಹಾ ಹಗುರ, ನೀರು ತಾಗಿದರೆ ಕೆಡುತ್ತದೆ. ಪಿಂಗಾಣಿ ಭಾರ, ನೀರಿಗೆ ಅಂಜುವುದಿಲ್ಲ. ಹೀಗಾಗಿ ಪಿಂಗಾಣಿಯ ಪೆಟ್ಟಿಗೆಗಳನ್ನು ಹಡಗಿನ ತಳದಲ್ಲಿ ತುಂಬಿ, ಮೇಲೆ ಚಹಾ ಇಡುತ್ತಿದ್ದರು. ಹಡಗಿನ ತೂಕವೂ ಸರಿಹೋಗುತ್ತಿತ್ತು, ಚಹಾವೂ ಒಣಗಿ ಉಳಿಯುತ್ತಿತ್ತು. 1752ರ ಜನವರಿಯಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸೆನ್ ಅನ್ನು 1985ರಲ್ಲಿ ಶೋಧಿಸಿದಾಗ ಸುಮಾರು 1,50,000 ಪಿಂಗಾಣಿ ಪಾತ್ರೆಗಳು ಸಮುದ್ರದ ತಳದಿಂದ ಮೇಲೆದ್ದವು. ಎರಡು ಶತಮಾನಗಳ ಕಾಲ ಉಪ್ಪುನೀರಿನಲ್ಲಿದ್ದರೂ ಬಹಳಷ್ಟು ಪಾತ್ರೆಗಳು ತೊಳೆದಿಟ್ಟಂತಿದ್ದವು. ಒಂದು ಹಡಗಿನ ಲೆಕ್ಕವೇ ಇಷ್ಟು.

ಇಂಥ ಸರಕನ್ನು ತಾವೇ ಮಾಡಬೇಕೆಂಬ ಹಂಬಲ ಯೂರೋಪಿನ ದೊರೆಗಳನ್ನು ಕಾಡಿತು. 16ನೆಯ ಶತಮಾನದಲ್ಲಿ ಫ್ಲಾರೆನ್ಸಿನ ಮೆಡಿಚಿ ಮನೆತನ ಪ್ರಯತ್ನಿಸಿ ಸ್ವಲ್ಪ ದೂರ ಹೋಗಿ ಕೈಬಿಟ್ಟಿತು. ಹಾಲೆಂಡಿನ ಡೆಲ್ಫ್ಟ್ ಊರಿನ ಕುಂಬಾರರು ಬೇರೆ ದಾರಿ ಹಿಡಿದರು. 1644ರಲ್ಲಿ ಮಿಂಗ್ ವಂಶ ಉರುಳಿ ಚೀನಾದಲ್ಲಿ ಯುದ್ಧ ಹರಡಿದಾಗ ಪಿಂಗಾಣಿಯ ಪೂರೈಕೆ ಕುಸಿಯಿತು. ಬೇಡಿಕೆ ಮಾತ್ರ ಹಾಗೇ ಇತ್ತು. ಅದೇ ಕಾಲಕ್ಕೆ ಡೆಲ್ಫ್ಟಿನ ಬಿಯರ್ ಉದ್ಯಮ ಸೊರಗಿ ದೊಡ್ಡ ಕಟ್ಟಡಗಳು ಖಾಲಿ ಬಿದ್ದಿದ್ದವು. ಕುಂಬಾರರು ಅಲ್ಲಿ ಆವಿಗೆ ಹೂಡಿದರು. ಸಾಧಾರಣ ಜೇಡಿಮಣ್ಣಿನ ಪಾತ್ರೆಗೆ ತವರ ಬೆರೆಸಿದ ಬಿಳಿ ಮೆರುಗು ಹಚ್ಚಿ, ಅದರ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಚೀನೀ ಚಿತ್ರ ಬರೆದರು. ದೂರದಿಂದ ನೋಡಿದರೆ ಪಿಂಗಾಣಿಯೇ. ಅಂಚು ಚಕ್ಕೆ ಎದ್ದರೆ ಒಳಗಿನ ಮಣ್ಣಿನ ಬಣ್ಣ ಕಾಣುತ್ತದೆ.

ನಿಜವಾದ ಪಿಂಗಾಣಿಯಲ್ಲಿ ಬಿಳುಪು ಮೇಲೆ ಹಚ್ಚಿದ್ದಲ್ಲ, ಮೈಯಲ್ಲೇ ಇರುವುದು. ಅದಕ್ಕೆ ಎರಡು ಪದಾರ್ಥ ಬೇಕು. ಒಂದು ಕೇಯೋಲಿನ್ ಎಂಬ ಬಿಳಿ ಜೇಡಿ. ಪಿಂಗಾಣಿಯ ರಾಜಧಾನಿಯಾಗಿದ್ದ ಜಿಂಗ್‌ಡೆಜೆನ್ ಸಮೀಪದ ಗಾವ್‌ಲಿಂಗ್ ಎಂಬ ಜಾಗದಿಂದ ಆ ಹೆಸರು ಬಂತು. ಇನ್ನೊಂದು ಫೆಲ್ಡ್‌ಸ್ಪಾರ್ ಜಾತಿಯ ಕಲ್ಲಿನ ಪುಡಿ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಕಲ್ಲು ಕರಗಿ ಗಾಜಾಗುತ್ತದೆ, ಜೇಡಿ ಕರಗದೆ ಆಕಾರವನ್ನು ಹಿಡಿದು ನಿಲ್ಲುತ್ತದೆ. ಚೀನೀ ಕುಂಬಾರರು ಜೇಡಿಯನ್ನು ಪಾತ್ರೆಯ ಎಲುಬು ಎಂದೂ ಕಲ್ಲನ್ನು ಮಾಂಸ ಎಂದೂ ಕರೆಯುತ್ತಿದ್ದರು. ಇದಕ್ಕಿಂತ ಚೆನ್ನಾದ ವಿವರಣೆ ಬೇರೆ ಇಲ್ಲ. ಈ ಮಾತು ಯೂರೋಪಿಗೆ ತಲುಪಿದ್ದು ದಾಂತ್ರಕೋಲ್ ಎಂಬ ಫ್ರೆಂಚ್ ಜೆಸುಯಿಟ್ ಪಾದ್ರಿ 1712 ಮತ್ತು 1722ರಲ್ಲಿ ಬರೆದ ಎರಡು ಪತ್ರಗಳಿಂದ. ಅಷ್ಟರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಗುಟ್ಟು ಬಿಚ್ಚಿಯಾಗಿತ್ತು.

ಆ ಕಥೆಯಲ್ಲಿ ಇಬ್ಬರು ಮುಖ್ಯರು. ಒಬ್ಬ ಸ್ಯಾಕ್ಸನಿಯ ದೊರೆ ಬಲಶಾಲಿ ಅಗಸ್ಟಸ್. ಪಿಂಗಾಣಿಯ ಮೇಲಿನ ತನ್ನ ಆಸೆಯನ್ನು ತಾನೇ ಕಾಯಿಲೆ ಎಂದು ಒಪ್ಪಿಕೊಂಡವನು. 1717ರಲ್ಲಿ ಅವನು ಪ್ರಷ್ಯಾದ ದೊರೆಗೆ 600 ಸೈನಿಕರನ್ನು ಕೊಟ್ಟು ಬದಲಿಗೆ 151 ಪಿಂಗಾಣಿ ಪಾತ್ರೆಗಳನ್ನು ಪಡೆದ. ಅವುಗಳಲ್ಲಿನ ದೊಡ್ಡ ಹೂಜಿಗಳನ್ನು ಡ್ರೆಸ್ಡೆನ್ನಿನಲ್ಲಿ ಇವತ್ತಿಗೂ ಸೈನಿಕರ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಹೂಜಿಯ ಎದುರಿಗೆ ಇಷ್ಟು ಮಂದಿ ಯುವಕರ ಬದುಕು ಎಂದು ತಕ್ಕಡಿ ತೂಗಿದ ಕಾಲವದು; ಹೂಜಿಗಳ ಅಂದವನ್ನು ಮೆಚ್ಚುವಾಗ ಇದನ್ನು ಮರೆಯಲು ನನಗೆ ಆಗುವುದಿಲ್ಲ. ಇನ್ನೊಬ್ಬ ಯೋಹಾನ್ ಫ್ರೀಡ್ರಿಶ್ ಬಟ್ಗರ್. ಕೀಳು ಲೋಹವನ್ನು ಚಿನ್ನ ಮಾಡಬಲ್ಲೆ ಎಂದು ಹೇಳಿಕೊಂಡು, ಬರ್ಲಿನ್ನಿನಿಂದ ಓಡಿಬಂದು, ಅಗಸ್ಟಸನ ಸೆರೆಯಲ್ಲಿ ಸಿಕ್ಕಿಕೊಂಡ ಹುಡುಗ. ಚಿನ್ನ ಹುಟ್ಟಲಿಲ್ಲ. ಚಿರ್ನ್‌ಹೌಸ್ ಎಂಬ ಹಿರಿಯ ವಿಜ್ಞಾನಿಯ ಜೊತೆ ಸೇರಿ ಮಣ್ಣು, ಕಲ್ಲು, ಉರಿಯ ಪ್ರಯೋಗಗಳಲ್ಲಿ ತೊಡಗಿದಾಗ 1708ರಲ್ಲಿ ಬಿಳಿ ಪಿಂಗಾಣಿಯ ಹದ ಸಿಕ್ಕಿತು. ಅದೇ ವರ್ಷ ಚಿರ್ನ್‌ಹೌಸ್ ತೀರಿಕೊಂಡ. 1710ರಲ್ಲಿ ಮೈಸನ್ ಊರಿನ ಕೋಟೆಯೊಳಗೆ ಕಾರ್ಖಾನೆ ಶುರುವಾಯಿತು. ಗುಟ್ಟು ಹೊರಬೀಳದಿರಲಿ ಎಂದೇ ಕೋಟೆ. ಬಟ್ಗರ್ 1719ರಲ್ಲಿ, ನಲವತ್ತು ತುಂಬುವ ಮೊದಲೇ, ಹಾಳಾದ ಆರೋಗ್ಯದಿಂದ ಸತ್ತ.

ಮಣ್ಣು ಸಿಕ್ಕಿತು. ಅದರ ಮೇಲೆ ಏನು ಬರೆಯಬೇಕು? ಇಲ್ಲಿ ಒಂದು ಸೊಗಸಾದ ತಪ್ಪು ಬರುತ್ತದೆ. 1740ರ ಸುಮಾರಿಗೆ ಮೈಸನ್ನಿನ ಚಿತ್ರಕಾರರು ಚೀನೀ ತಟ್ಟೆಯೊಂದರ ಮಾದರಿಯನ್ನು ಹಿಡಿದು ನೀಲಿ ವಿನ್ಯಾಸವೊಂದನ್ನು ರೂಪಿಸಿದರು. ಮೂಲದ ಅಂಚಿನಲ್ಲಿ ದಾಳಿಂಬೆ ಮತ್ತು ಪೀಚ್ ಹಣ್ಣುಗಳಿದ್ದವು. ಚೀನಾದಲ್ಲಿ ದಾಳಿಂಬೆ ಎಂದರೆ ಮನೆ ತುಂಬ ಮಕ್ಕಳು, ಪೀಚ್ ಎಂದರೆ ದೀರ್ಘಾಯುಷ್ಯ. ನಮ್ಮಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಮಾತನಾಡುವಂತೆ ಅಲ್ಲಿ ಆ ಹಣ್ಣುಗಳು ಮಾತನಾಡುತ್ತವೆ. ಸ್ಯಾಕ್ಸನಿಯಲ್ಲಿ ಆ ಮಾತು ಕೇಳಿಸಲಿಲ್ಲ. ಚಿತ್ರಿಸುತ್ತ ಚಿತ್ರಿಸುತ್ತ ಹಣ್ಣುಗಳ ಆಕಾರ ಬದಲಾಯಿತು, ನೋಡಿದವರು ‘ಇದು ಈರುಳ್ಳಿ’ ಎಂದರು. ಇವತ್ತಿಗೂ ಆ ವಿನ್ಯಾಸದ ಹೆಸರು ನೀಲಿ ಈರುಳ್ಳಿ. ಅದರಲ್ಲಿ ಈರುಳ್ಳಿ ಒಂದೂ ಇಲ್ಲ.

ಇದನ್ನು ಓದುವಾಗ ‘ಶುದ್ಧ’ ಚೀನೀ ಮೂಲವನ್ನು ಯೂರೋಪಿನವರು ಕೆಡಿಸಿದರು ಎಂದು ಅನ್ನಿಸಬಹುದು. ಆ ನೀಲಿಯ ಕಥೆಯನ್ನೂ ಕೇಳಿ. ಜಿಂಗ್‌ಡೆಜೆನ್ನಿನ ಕುಂಬಾರರು 14ನೆಯ ಶತಮಾನದಲ್ಲಿ ಬಿಳಿಯ ಮೇಲೆ ನೀಲಿ ಬರೆಯತೊಡಗಿದಾಗ ಬಳಸಿದ ಕೋಬಾಲ್ಟ್ ಪರ್ಷಿಯಾದ ಕಡೆಯಿಂದ ಬಂದದ್ದು. ಆ ದೊಡ್ಡ ಹರಿವಾಣಗಳನ್ನು ಮೆಚ್ಚಿ ಕೊಂಡವರಲ್ಲಿ ಪಶ್ಚಿಮ ಏಷ್ಯಾದ ಮುಸ್ಲಿಂ ದೊರೆಗಳೂ ಇದ್ದರು. ಚೀನಾದ ಗುರುತಾಗಿಬಿಟ್ಟ ನೀಲಿ-ಬಿಳಿ ಜೋಡಿಯೇ ಎರಡು ನಾಡುಗಳ ಕೊಡುಕೊಳ್ಳುವಿಕೆಯಿಂದ ಹುಟ್ಟಿತು.

ಚೀನೀ ದೃಶ್ಯಗಳು ಎಲ್ಲಿಂದ ಬಂದವು ಎಂಬುದು ಮುಂದಿನ ಪ್ರಶ್ನೆ. ಒಂದು ಆಕರ ಪಾತ್ರೆಗಳ ಮೇಲಿನ ಚಿತ್ರಗಳೇ. ಇನ್ನೊಂದು ಪ್ರವಾಸ ಗ್ರಂಥಗಳು. 1650ರ ದಶಕದಲ್ಲಿ ಡಚ್ ರಾಯಭಾರಿಗಳೊಡನೆ ಬೀಜಿಂಗಿಗೆ ಹೋಗಿದ್ದ ಯೋಹಾನ್ ನ್ಯೂಹೋಫ್ 1665ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಮಾರು 150 ಚಿತ್ರಗಳಿದ್ದವು. ಅವನು ದಾರಿಯಲ್ಲಿ ಗೀಚಿಕೊಂಡದ್ದನ್ನು ಆಮ್‌ಸ್ಟರ್‌ಡ್ಯಾಮಿನ ಕೆತ್ತನೆಗಾರರು ಕೈಗೆತ್ತಿಕೊಂಡು ಇಲ್ಲೊಂದು ತೆಂಗಿನಮರ, ಅಲ್ಲೊಬ್ಬ ಕೊಡೆಯವನು ಎಂದು ತುಂಬಿಸಿದರು. ನಾನ್‌ಜಿಂಗ್ ನಗರದ ಪಿಂಗಾಣಿ ಗೋಪುರವನ್ನು ಯೂರೋಪು ಮೊದಲು ಕಂಡದ್ದು ಆ ಪುಟಗಳಲ್ಲೇ. ಮುಂದಿನ 100 ವರ್ಷ ಯೂರೋಪಿನಲ್ಲಿ ಯಾರು ಚೀನಾ ಬರೆದರೂ ಆ ಚಿತ್ರಗಳ ನೆರಳು ಅದರಲ್ಲಿ ಸುಳಿಯುತ್ತದೆ. 1720ರಲ್ಲಿ ಮೈಸನ್ನಿಗೆ ಬಂದ ಹೆರೋಲ್ಟ್ ಎಂಬ ಚಿತ್ರಕಾರ ಇಂಥ ಆಕರಗಳ ಜೊತೆಗೆ ತನ್ನ ಕಲ್ಪನೆಯನ್ನೂ ಸೇರಿಸಿ ನೂರಾರು ಪುಟ್ಟ ದೃಶ್ಯಗಳನ್ನು ರಚಿಸಿದ. ಚಹಾ ಕಾಸುವವರು, ಗಿಳಿಯೊಡನೆ ಮಾತನಾಡುವವರು, ಹೊಗೆ ಬಿಡುವವರು. ಪ್ಯಾರಿಸಿನಲ್ಲಿ ಫ್ರಾಂಸ್ವಾ ಬೂಶೆ 1742ರಲ್ಲಿ ಚೀನೀ ದೃಶ್ಯಗಳ ಸರಣಿಯನ್ನು ಪ್ರದರ್ಶಿಸಿದ. ಬೋವೆ ನಗರದ ನೇಕಾರರು ಅವನ್ನು ಗೋಡೆಯಳತೆಯ ಚಿತ್ರಪರದೆಗಳಾಗಿ ನೇಯ್ದರು. ಬೂಶೆ ಚೀನಾಕ್ಕೆ ಹೋದವನಲ್ಲ. ಅವನ ಚೀನೀ ಹೆಂಗಸರ ಗುಲಾಬಿ ಕೆನ್ನೆ ಪ್ಯಾರಿಸಿನದೇ.

ಆದರೂ ಬೂಶೆಯ ಕಾಲದಲ್ಲೇ ಈ ಶೈಲಿ ಉಕ್ಕಿ ಹರಿದದ್ದು ಆಕಸ್ಮಿಕವಲ್ಲ. ಯೂರೋಪಿನ ವಿದ್ಯಾವಂತ ಕಲೆ ಗ್ರೀಕ್ ಮತ್ತು ರೋಮನ್ ನಿಯಮಗಳ ಮೇಲೆ ನಿಂತಿತ್ತು. ಎಡಕ್ಕೊಂದು ಕಂಬ ಇದ್ದರೆ ಬಲಕ್ಕೊಂದು ಕಂಬ, ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು, ಪ್ರತಿಯೊಂದಕ್ಕೂ ನಿಲ್ಲಲು ನೆಲ. ಚೀನೀ ಬಟ್ಟಲಿನಲ್ಲಿ ಒಂದು ಕೊಂಬೆ ಒಂದೇ ಬದಿಯಿಂದ ಚಾಚಿಕೊಂಡಿರುತ್ತದೆ, ಉಳಿದದ್ದೆಲ್ಲ ಖಾಲಿ ಬಿಳುಪು. ಬೆಟ್ಟದ ಕೆಳಗೆ ನೆಲವಿಲ್ಲ, ಮಂಜಿದೆ. ನಿಯಮಗಳಿಂದ ಬೇಸತ್ತಿದ್ದ, ರೊಕೊಕೊ ಎಂಬ ಅಲಂಕಾರಪ್ರಿಯ ಶೈಲಿಯ ಯುಗದ ಕಲಾವಿದರಿಗೆ ಇದು ಬಿಡುಗಡೆಯ ಪತ್ರದಂತೆ ಕಂಡಿತು. ಗ್ರೀಕ್ ದೇವತೆಯನ್ನು ತಪ್ಪಾಗಿ ಬರೆದರೆ ಅಕಾಡೆಮಿ ಕೇಳುತ್ತದೆ. ಚೀನೀ ಮುದುಕನನ್ನು ಹೇಗೆ ಬರೆದರೂ ಕೇಳುವವರಿಲ್ಲ. ಆ ಸಲಿಗೆಯಲ್ಲಿ ಹಗುರತನವೂ ಬಂತು, ಅಗೌರವವೂ ಬಂತು. ಫ್ರಾನ್ಸಿನ ಶಾಂತಿಯಿ ಎಂಬಲ್ಲಿನ ಅರಮನೆಯ ಕೋಣೆಯೊಂದರಲ್ಲಿ ಕೋತಿಗಳೂ ಚೀನೀಯರೂ ಒಂದೇ ಚಿತ್ರಲೋಕದಲ್ಲಿ ಆಡುತ್ತಿರುತ್ತಾರೆ. ನೋಡಲು ಬಹಳ ಚೆಂದ. ಆ ಚೆಂದದೊಳಗೆ ಇರುವ ಹೋಲಿಕೆ ಮಾತ್ರ ಮನಸ್ಸನ್ನು ಚುಚ್ಚುತ್ತದೆ.

ಅರಗಿನ ಕೆಲಸದ ವಿಷಯ ನಮಗೆ ಇನ್ನೂ ಹತ್ತಿರದ್ದು. ಚೀನಾ ಮತ್ತು ಜಪಾನಿನ ಆ ಕಪ್ಪು ಕನ್ನಡಿಯಂಥ ಪೆಟ್ಟಿಗೆ, ಪರದೆಗಳ ಮೆರುಗು ಒಂದು ಮರದ ಸೊನೆ. ಆ ಮರ ನಮ್ಮ ಮಾವು, ಗೇರುಗಳ ಕುಟುಂಬದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿದುಕೊಂಡವರಿಗೆ, ಮಾವಿನ ಸೊನೆ ತುಟಿಗೆ ತಾಗಿ ಹುಣ್ಣಾದವರಿಗೆ ಆ ಸೊನೆಯ ಗುಣ ಬಿಡಿಸಿ ಹೇಳಬೇಕಿಲ್ಲ. ಹಸಿಯಾಗಿದ್ದಾಗ ಅದು ಮೈ ಸುಡುತ್ತದೆ; ತೆಳ್ಳಗೆ ಬಳಿದು, ತೇವವಿರುವ ಬೆಚ್ಚನೆಯ ಕೋಣೆಯಲ್ಲಿ ಇಟ್ಟರೆ ಗಟ್ಟಿಯಾಗಿ ನೀರಿಗೂ ಬಿಸಿಗೂ ಜಗ್ಗದ ಪದರವಾಗುತ್ತದೆ. ಇಂಥ ಹತ್ತಾರು ಪದರ ಬೇಕು. ಯೂರೋಪಿನಲ್ಲಿ ಆ ಮರವಿಲ್ಲ. ಹಡಗಿನಲ್ಲಿ ತರೋಣವೆಂದರೆ ದಾರಿಯಲ್ಲೇ ಸೊನೆ ಕೆಡುತ್ತಿತ್ತು.

ಆ ಸೊನೆಯ ಬದಲಿಗೆ ಅವರಿಗೆ ಒದಗಿದ್ದು ಭಾರತದ ಅರಗು. ಮುತ್ತುಗ, ಜಾಲಾರಿಗಳಂಥ ಮರಗಳ ಕೊಂಬೆಗೆ ಕಚ್ಚಿಕೊಂಡು ಕೀಟ ಸ್ರವಿಸುವ ಆ ಅಂಟನ್ನು ಶುದ್ಧಮಾಡಿ, ಮದ್ಯಸಾರದಲ್ಲಿ ಕರಗಿಸಿ, ಪದರದ ಮೇಲೆ ಪದರ ಬಳಿದು, ಉಜ್ಜಿ ಉಜ್ಜಿ ಹೊಳಪು ತರಿಸಿದರು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಬೊಂಬೆಗೆ ಒತ್ತಿ ಹಿಡಿಯುವ ಬಣ್ಣದ ಅರಗಿನ ಕಡ್ಡಿಯೂ ಇದೇ ಪದಾರ್ಥ. ಅಲ್ಲಿ ಮದ್ಯಸಾರವಿಲ್ಲ, ತಿಕ್ಕಾಟದ ಬಿಸಿಯೇ ಅರಗನ್ನು ಕರಗಿಸಿ ಮರಕ್ಕೆ ಹತ್ತಿಸುತ್ತದೆ. 1688ರಲ್ಲಿ ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಈ ಕೆಲಸದ ಕೈಪಿಡಿಯನ್ನು, ಬಿಡಿಸಿಕೊಳ್ಳಲು ಬೇಕಾದ ಚೀನೀ ಚಿತ್ರಗಳ ಸಮೇತ, ಅಚ್ಚು ಹಾಕಿಸಿದರು. ಈ ಕೆಲಸವನ್ನು ಇಂಗ್ಲಿಷಿನಲ್ಲಿ ‘ಜಪಾನಿಂಗ್’ ಎಂದರು. ಹೀಗೆ ಭಾರತದ ಅರಗಿನಿಂದ, ಚೀನೀ ಚಿತ್ರ ಹೊತ್ತು, ಜಪಾನಿನ ಹೆಸರಿನಲ್ಲಿ ಒಂದು ಇಂಗ್ಲಿಷ್ ಪೆಟ್ಟಿಗೆ ತಯಾರಾಯಿತು.

ಈ ಕಲಸುಮೇಲೋಗರ ಅರಗಿಗೆ ಮಾತ್ರ ಸೀಮಿತವಲ್ಲ. ಚೀನಾದಲ್ಲಿ ತಯಾರಾದ ಮಡಿಸುವ ಅರಗಿನ ಪರದೆಗಳಿಗೆ ಯೂರೋಪಿನಲ್ಲಿ ಕೋರಮಂಡಲ ಪರದೆ ಎಂಬ ಹೆಸರು, ಏಕೆಂದರೆ ಅವು ನಮ್ಮ ಪೂರ್ವ ಕರಾವಳಿಯ ಬಂದರುಗಳ ಮೂಲಕ ಸಾಗಿದವು. ಗುವಾಂಗ್‌ಜೌ ನಗರದ ಚಿತ್ರಕಾರರು ರಫ್ತಿಗೆಂದೇ ಕೈಯಿಂದ ಬರೆದ ಗೋಡೆ ಕಾಗದಗಳನ್ನು ಇಂಗ್ಲಿಷರು ‘ಇಂಡಿಯಾ ಕಾಗದ’ ಎನ್ನುತ್ತಿದ್ದರು, ತಂದು ಮಾರುತ್ತಿದ್ದ ಕಂಪನಿಯ ಹೆಸರಿನಲ್ಲಿ ಇಂಡಿಯಾ ಇತ್ತಲ್ಲ. ಆ ಕಾಗದದ ಬಗ್ಗೆ ಒಂದು ಮಾತು: ಹೂವಿನ ಮರಗಳೂ ಹಕ್ಕಿಗಳೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಎಲ್ಲಿಯೂ ಮರುಕಳಿಸದೆ ಸಾಗುತ್ತವೆ. ಜೋಡಣೆ ಸರಿಹೊಂದದ ಕಡೆ, ಹರಿದ ಕಡೆ, ಉಳಿದ ತುಂಡಿನಿಂದ ಒಂದು ಹಕ್ಕಿಯನ್ನೋ ಚಿಟ್ಟೆಯನ್ನೋ ಕತ್ತರಿಸಿ ಅಂಟಿಸುತ್ತಿದ್ದರು.

‘ಪಗೋಡ’ ಎಂಬ ಪದದ ಪಯಣ ಇನ್ನೂ ವಿಚಿತ್ರ. ಪೋರ್ಚುಗೀಸರು ಅದನ್ನು ಮೊದಲು ಬಳಸಿದ್ದು ಭಾರತದ ಗುಡಿಗಳಿಗೆ, ಗುಡಿಯೊಳಗಿನ ವಿಗ್ರಹಗಳಿಗೆ. ದೇವರ ಚಿತ್ರವಿದ್ದ ನಮ್ಮ ಚಿನ್ನದ ವರಾಹ ನಾಣ್ಯವನ್ನೂ ಯೂರೋಪಿಯನ್ ವ್ಯಾಪಾರಿಗಳು ಪಗೋಡ ಎಂದೇ ಲೆಕ್ಕದಲ್ಲಿ ಬರೆದರು. ಅದೇ ಪದ ಮುಂದೆ ಚೀನಾದ ಅಂತಸ್ತಿನ ಗೋಪುರಗಳಿಗೆ ಅಂಟಿತು. ಫ್ರಾನ್ಸಿನಲ್ಲಿ ತಲೆಯಾಡಿಸುವ, ಹೊಟ್ಟೆ ಬಿಟ್ಟುಕೊಂಡು ನಗುವ ಪಿಂಗಾಣಿ ಬೊಂಬೆಗಳಿಗೂ ಅದೇ ಹೆಸರಾಯಿತು. ಆ ಬೊಂಬೆಯ ಮೂಲ ಚೀನಾದವರು ಭಕ್ತಿಯಿಂದ ಕಾಣುವ ಬುಡಾಯ್, ನಾವು ಲಾಫಿಂಗ್ ಬುದ್ಧ ಎಂದು ಅಂಗಡಿಗಳಲ್ಲಿ ನೋಡುತ್ತೇವಲ್ಲ, ಅವನೇ.

ಕಟ್ಟಡಗಳಿಗೆ ಬರೋಣ. 1670ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ವರ್ಸೈ ಅರಮನೆಯ ತೋಟದಲ್ಲಿ ತನ್ನ ಪ್ರೇಯಸಿಗಾಗಿ ಪಿಂಗಾಣಿ ಮನೆ ಕಟ್ಟಿಸಿದ. ಪಿಂಗಾಣಿ ಎಂಬುದು ಹೆಸರಿಗಷ್ಟೆ. ಹೊದಿಸಿದ್ದು ತವರದ ಮೆರುಗಿನ ಹೆಂಚುಬಿಲ್ಲೆಗಳು. ಹಿಮಕ್ಕೆ ಬಿರುಕು ಬಿಟ್ಟು, 1687ರಲ್ಲಿ ಅದನ್ನು ಕೆಡವಿದರು. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯಲ್ಲಿ 1753ರ ಜುಲೈ 24ರಂದು ರಾಣಿ ಲೊವೀಸಾ ಉಲ್ರಿಕಾಳ ಹುಟ್ಟುಹಬ್ಬ. ದೊರೆ ಅವಳಿಗೆ ತಿಳಿಯದಂತೆ ಮರದ ಚೀನೀ ಮಂಟಪವೊಂದನ್ನು ಸ್ಟಾಕ್‌ಹೋಮ್‌ನಲ್ಲಿ ಬಿಡಿಬಿಡಿಯಾಗಿ ಮಾಡಿಸಿ, ತೋಟದಲ್ಲಿ ಜೋಡಿಸಿ ನಿಲ್ಲಿಸಿದ್ದ. ಏಳು ವರ್ಷದ ರಾಜಕುಮಾರ ಗುಸ್ತಾವ್ ಚೀನೀ ಅಧಿಕಾರಿಯ ವೇಷದಲ್ಲಿ ಬಂದು ಅಮ್ಮನ ಕೈಗೆ ಬೀಗದ ಕೈ ಕೊಟ್ಟ. ಹತ್ತೇ ವರ್ಷದಲ್ಲಿ ಆ ಮರವೂ ಕೊಳೆಯಿತು. 1763ರಿಂದ 1769ರ ನಡುವೆ ಕಟ್ಟಿದ ಗಟ್ಟಿ ಮಂಟಪ ಇಂದಿಗೂ ಇದೆ.

ಆ ರಾಣಿಯ ಅಣ್ಣ ಪ್ರಷ್ಯಾದ ಎರಡನೆಯ ಫ್ರೆಡ್ರಿಕ್. ಅವನು ಪಾಟ್ಸ್‌ಡ್ಯಾಮಿನ ತನ್ನ ಸಾಂಸೂಸಿ ತೋಟದಲ್ಲಿ 1755ರಲ್ಲಿ ಚೀನೀ ಮನೆಯನ್ನು ಶುರುಮಾಡಿಸಿದ. ನಡುವೆ ಏಳು ವರ್ಷದ ಯುದ್ಧ ಬಂದು ಕೆಲಸ ಎಳೆದಾಡಿ 1764ಕ್ಕೆ ಮುಗಿಯಿತು. ಶಿನ್ವಾಜರಿ ಎಂದರೇನು ಎಂದು ಒಂದೇ ಕಟ್ಟಡ ತೋರಿಸಿ ಹೇಳಬೇಕಾದರೆ ನಾನು ಇದನ್ನೇ ತೋರಿಸುತ್ತೇನೆ. ದುಂಡನೆಯ ಮನೆ, ಸೂರನ್ನು ಹೊತ್ತ ಕಂಬಗಳೆಲ್ಲ ಚಿನ್ನದ ಹೊದಿಕೆಯ ತಾಳೆಮರಗಳು. ಕಂಬಗಳ ಬುಡದಲ್ಲಿ, ಗೋಡೆಗಳ ಉದ್ದಕ್ಕೆ ಆಳೆತ್ತರದ ಕಲ್ಲಿನ ಚಿನ್ನದ ಜನ: ಚಹಾ ಕುಡಿಯುವವರು, ಹಣ್ಣು ತಿನ್ನುವವರು, ವಾದ್ಯ ನುಡಿಸುವವರು. ಹತ್ತಿರ ಹೋಗಿ ಮುಖ ನೋಡಿದರೆ ಯಾರೂ ಚೀನೀಯರಲ್ಲ. ಶಿಲ್ಪಿಗಳು ಸ್ಥಳೀಯ ಜನರನ್ನೇ ಎದುರಿಗೆ ಕೂರಿಸಿಕೊಂಡು ಕಡೆದದ್ದು. ಪಾಟ್ಸ್‌ಡ್ಯಾಮಿನ ನೆರೆಹೊರೆಯವರು ಟೋಪಿ, ನಿಲುವಂಗಿ ತೊಟ್ಟು ಶಾಶ್ವತವಾಗಿ ಚೀನೀಯರಾಗಿ ನಿಂತಿದ್ದಾರೆ.

ಇವರೆಲ್ಲರಿಗಿಂತ ಭಿನ್ನನಾದವನು ವಿಲಿಯಂ ಚೇಂಬರ್ಸ್. ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ 1740ರ ದಶಕದಲ್ಲಿ ಗುವಾಂಗ್‌ಜೌಗೆ ಹೋಗಿ ಕಟ್ಟಡಗಳನ್ನು ಕಣ್ಣಾರೆ ಕಂಡು ಬರೆದುಕೊಂಡವನು. ಆಮೇಲೆ ವಾಸ್ತುಶಿಲ್ಪಿಯಾಗಿ 1757ರಲ್ಲಿ ಚೀನೀ ಕಟ್ಟಡಗಳ ನಕ್ಷೆಗಳನ್ನು ಪ್ರಕಟಿಸಿದ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1762ರಲ್ಲಿ ಅವನು ಮುಗಿಸಿದ ಗೋಪುರ ಸುಮಾರು 50 ಮೀಟರ್ ಎತ್ತರವಿದೆ. ಆದರೆ ಎಣಿಸಿ ನೋಡಿ: ಹತ್ತು ಅಂತಸ್ತು. ಚೀನಾದಲ್ಲಿ ಇಂಥ ಗೋಪುರಗಳಿಗೆ ಬೆಸ ಸಂಖ್ಯೆಯ ಅಂತಸ್ತುಗಳನ್ನು ಇಡುವುದು ವಾಡಿಕೆ. ನಾನ್‌ಜಿಂಗಿನ ಪಿಂಗಾಣಿ ಗೋಪುರಕ್ಕೆ ಒಂಬತ್ತು. ಕಂಡುಬಂದವನ ಕೈಯಲ್ಲೂ ಚೀನಾ ಸ್ವಲ್ಪ ಬೇರೆಯಾಯಿತು. ಸೂರಿನ ಮೂಲೆಗಳಲ್ಲಿ ಅವನು ಕೂರಿಸಿದ್ದ 80 ಮರದ ಡ್ರ್ಯಾಗನ್‌ಗಳನ್ನು 1784ರಲ್ಲಿ ಛಾವಣಿ ರಿಪೇರಿಯ ಸಮಯದಲ್ಲಿ ಇಳಿಸಿದವರು ಮತ್ತೆ ಏರಿಸಲಿಲ್ಲ. 2018ರಲ್ಲಿ ಹೊಸ ಡ್ರ್ಯಾಗನ್‌ಗಳು ಬಂದವು. ಕೆಳಗಿನ ಎಂಟನ್ನು ಮರದಲ್ಲಿ ಕಡೆದರು, ಮೇಲಿನ 72 ತ್ರೀಡಿ ಮುದ್ರಣ ಯಂತ್ರದಲ್ಲಿ ತಯಾರಾದವು.

ಬ್ರೈಟನ್ನಿನ ರಾಯಲ್ ಪೆವಿಲಿಯನ್ ಬರುವ ಹೊತ್ತಿಗೆ ಈ ಗೀಳು ಬೇರೆ ಕಡೆ ಇಳಿದಿತ್ತು. ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜ್‌ಗೆ ಮಾತ್ರ ಇಳಿದಿರಲಿಲ್ಲ. 1815ರಿಂದ ಜಾನ್ ನ್ಯಾಶ್ ಅದರ ಹೊರಮೈಗೆ ಮೊಘಲ್ ಶೈಲಿಯ ಗುಮ್ಮಟ, ಮಿನಾರುಗಳನ್ನು ತೊಡಿಸಿದ. ಒಳಗೆ ಹೋದರೆ ಡ್ರ್ಯಾಗನ್, ಕಮಲದ ದೀಪಗಳು, ಕೆಂಪು-ಚಿನ್ನದ ಚೀನೀ ಗೋಡೆಗಳು. ಹೊರಗೆ ಭಾರತ, ಒಳಗೆ ಚೀನಾ, ಇರುವುದು ಇಂಗ್ಲಿಷ್ ಸಮುದ್ರತೀರದಲ್ಲಿ. ಈ ಕಟ್ಟಡವನ್ನು ನೆನೆದಾಗ ನನಗೆ ಮೊದಲು ಬರುವುದು ಜಾರ್ಜ್ ಅಲ್ಲ. ಮೊದಲ ಮಹಾಯುದ್ಧದಲ್ಲಿ, 1914ರ ಕೊನೆಯಿಂದ 1916ರವರೆಗೆ, ಅದು ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಫ್ರಾನ್ಸಿನ ಕೆಸರಿನಿಂದ ಎತ್ತಿ ತಂದ ನಮ್ಮ ಹಳ್ಳಿಗಳ ಹುಡುಗರು ಆ ಸಂಗೀತ ಮಂದಿರದ ದೀಪಗಳ ಕೆಳಗೆ ಸಾಲು ಮಂಚಗಳಲ್ಲಿ ಮಲಗಿದ್ದ ಛಾಯಾಚಿತ್ರಗಳಿವೆ.

ಶೈಲಿ ಏಕೆ ಇಳಿಯಿತು ಎಂಬುದಕ್ಕೆ ಎರಡು ಕಾರಣಗಳನ್ನು ಬೇಗನೆ ಹೇಳಬಹುದು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ನಗರ ಪೊಂಪೇಯಿಯ ಉತ್ಖನನಗಳ ಹಿಂದೆಯೇ ಗ್ರೀಕ್-ರೋಮನ್ ರುಚಿ ಮರಳಿತು. ಅದಕ್ಕಿಂತ ಮುಖ್ಯ, ಚೀನಾದ ಬಗೆಗಿನ ಗೌರವ ಕರಗಿತು. ಲೈಬ್ನಿಟ್ಸ್, ವಾಲ್ಟೇರ್‌ರಂಥ ಚಿಂತಕರು ಕನ್‌ಫ್ಯೂಷಿಯಸ್‌ನ ನಾಡನ್ನು ವಿವೇಕದ ಆಡಳಿತಕ್ಕೆ ಮಾದರಿ ಎಂದು ಕಂಡಿದ್ದರು. 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿಯ ನಿಯೋಗ ಹೆಚ್ಚಿನ ವ್ಯಾಪಾರ ಕೇಳಲು ಹೋಗಿ ಬರಿಗೈಯಲ್ಲಿ ಹಿಂದಿರುಗಿತು. ಚಹಾಕ್ಕೆ ಬೆಳ್ಳಿ ಕೊಟ್ಟು ಕೊಟ್ಟು ಸಾಕಾದ ಬ್ರಿಟಿಷರು ಭಾರತದಲ್ಲಿ ಬೆಳೆಸಿದ ಅಫೀಮನ್ನು ಅಲ್ಲಿಗೆ ಸಾಗಿಸಿದರು. 1839ರಿಂದ 1842ರವರೆಗೆ ಯುದ್ಧ ಮಾಡಿ ಗೆದ್ದರು. ಸೋತ ದೇಶದ ಬಗ್ಗೆ ಕನಸು ಕಾಣುವವರು ಕಡಿಮೆ.

ಚೀನಾದವರು ಇದನ್ನೆಲ್ಲ ಏನೆಂದುಕೊಂಡರು? ಅವರೂ ಕೈಕಟ್ಟಿ ಕೂತಿರಲಿಲ್ಲ. ಗುವಾಂಗ್‌ಜೌ ಕುಶಲಕರ್ಮಿಗಳು ಯೂರೋಪಿನ ರುಚಿಯನ್ನು ಅಳೆದು, ಅವರ ಕಲ್ಪನೆಯ ಚೀನಾವನ್ನೇ ಮಾಡಿ ಅವರಿಗೆ ಮಾರಿದರು. ಕ್ವಿಯಾನ್‌ಲಾಂಗ್ ಚಕ್ರವರ್ತಿ ಇನ್ನೂ ಮುಂದೆ ಹೋದ. ಬೀಜಿಂಗಿನ ಯುವಾನ್‌ಮಿಂಗ್‌ಯುವಾನ್ ಉದ್ಯಾನದಲ್ಲಿ ಅವನು ಯೂರೋಪಿನ ಮಾದರಿಯ ಅಮೃತಶಿಲೆಯ ಮಹಲುಗಳನ್ನು ಕಟ್ಟಿಸಿದ. ರೂಪಿಸಿದವನು ಆಸ್ಥಾನದಲ್ಲಿದ್ದ ಇಟಲಿಯ ಪಾದ್ರಿ ಚಿತ್ರಕಾರ ಕಾಸ್ಟಿಲ್ಯೋನೆ, ಕಾರಂಜಿಗಳ ಯಂತ್ರ ಮಾಡಿದವನು ಫ್ರೆಂಚ್ ಪಾದ್ರಿ ಬೆನ್ವಾ. ಒಂದು ಕಾರಂಜಿಯ ಸುತ್ತ ಚೀನೀ ರಾಶಿಚಕ್ರದ 12 ಪ್ರಾಣಿಗಳು ಕುಳಿತು, ಹೊತ್ತಿಗೆ ತಕ್ಕಂತೆ ಸರದಿಯಲ್ಲಿ ನೀರು ಚಿಮ್ಮುತ್ತಿದ್ದವು. ಬಾಗಿದ ಸೂರುಗಳಿಗೆ ಚೀನೀ ಹೆಂಚು ಹೊದಿಸಿದ್ದ ಆ ಮಹಲುಗಳೂ ಪೂರ್ತಿ ಯೂರೋಪಿನವಲ್ಲ. ಬೂಶೆಯ ಚೀನೀ ಚಿತ್ರಪರದೆಗಳ ಒಂದು ಜೊತೆಯನ್ನು ಫ್ರಾನ್ಸಿನ ದೊರೆ ಇದೇ ಚಕ್ರವರ್ತಿಗೆ ಉಡುಗೊರೆಯಾಗಿ ಕಳಿಸಿದ್ದ. ಪ್ಯಾರಿಸಿನವನೊಬ್ಬ ಕಂಡ ಚೀನಾದ ಕನಸು ಚೀನಾದ ಚಕ್ರವರ್ತಿಯ ಮನೆ ಸೇರಿತು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಆ ಉದ್ಯಾನವನ್ನು ಲೂಟಿ ಮಾಡಿದವು, ಬ್ರಿಟಿಷರು ಬೆಂಕಿ ಇಟ್ಟರು. ಮುರಿದ ಕಲ್ಲಿನ ಕಮಾನುಗಳು ಈಗಲೂ ಅಲ್ಲಿವೆ.

ಸಾಮಾನ್ಯರ ಮನೆಯಲ್ಲಿ ಬಹುಕಾಲ ಉಳಿದದ್ದು ಒಂದು ನೀಲಿ ತಟ್ಟೆ. 1790ರ ಸುಮಾರಿಗೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕುಂಬಾರಿಕೆಗಳಲ್ಲಿ ರೂಪುಗೊಂಡ ವಿಲೋ ವಿನ್ಯಾಸ. ಬಾಗಿದ ಮರ, ಸೇತುವೆಯ ಮೇಲೆ ಮೂವರು, ಒಂದು ದೋಣಿ, ಮಹಲು, ಮೇಲೆ ಎದುರುಬದುರು ಹಾರುವ ಎರಡು ಹಕ್ಕಿಗಳು. ಅದಕ್ಕೊಂದು ಪ್ರೇಮಕಥೆಯೂ ಇದೆ: ಶ್ರೀಮಂತ ಅಧಿಕಾರಿಯ ಮಗಳು ಬಡ ಗುಮಾಸ್ತನೊಡನೆ ಓಡಿಹೋಗುತ್ತಾಳೆ, ಅಪ್ಪ ಬೆನ್ನಟ್ಟುತ್ತಾನೆ, ಕೊನೆಗೆ ಪ್ರೇಮಿಗಳು ಹಕ್ಕಿಗಳಾಗುತ್ತಾರೆ. ತಲೆತಲಾಂತರದಿಂದ ಇದನ್ನು ಚೀನೀ ಜನಪದ ಕಥೆ ಎಂದೇ ಮಕ್ಕಳಿಗೆ ಹೇಳಿದರು. ಚಿತ್ರವೂ ಇಂಗ್ಲೆಂಡಿನದು, ಕಥೆಯೂ ಇಂಗ್ಲೆಂಡಿನದು. ತಟ್ಟೆಗೆ ಬೇಡಿಕೆ ಇದ್ದ ಕಾಲದಲ್ಲಿ ಚಿತ್ರವನ್ನು ನೋಡಿ ಕಥೆ ಹೆಣೆದರು. ಆಮೇಲೆ ಚೀನಾದ ಕುಂಬಾರರೇ ಈ ವಿನ್ಯಾಸವನ್ನು ರಫ್ತಿಗೆಂದು ತಮ್ಮ ಪಿಂಗಾಣಿಯ ಮೇಲೆ ಬರೆದರು.

ಹಳೆಯ ಮನೆಯ ಕಪಾಟಿನಲ್ಲೋ ಗುಜರಿ ಅಂಗಡಿಯಲ್ಲೋ ಇಂಥ ತಟ್ಟೆ ಸಿಕ್ಕರೆ ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಇಂಗ್ಲೆಂಡಿನಲ್ಲಿ ಚಿತ್ರವನ್ನು ತಾಮ್ರದ ಹಲಗೆಯಲ್ಲಿ ಕೆತ್ತಿ, ನೀಲಿ ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ತಟ್ಟೆಗೆ ಒತ್ತಿ ಅಚ್ಚು ಮೂಡಿಸುತ್ತಿದ್ದರು. ಮೆರುಗು ಹಚ್ಚಿ ಸುಡುವುದು ಆಮೇಲೆ. ಒತ್ತುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಅಂಚಿನ ಪಟ್ಟಿಯ ಎರಡು ತುದಿಗಳು ಕೂಡುವ ಕಡೆ ಅರ್ಧ ಹೂವು ಇನ್ನೊಂದು ಅರ್ಧ ಹೂವಿಗೆ ಸರಿಯಾಗಿ ಹೊಂದದೆ, ಕೂದಲೆಳೆಯಷ್ಟು ತಪ್ಪಿ ನಿಂತಿರುತ್ತದೆ. ಕುಂಚದಲ್ಲಿ ಬರೆದ ಚೀನಾದ ತಟ್ಟೆಯಲ್ಲಿ ಆ ಬೆಸುಗೆ ಇರುವುದಿಲ್ಲ.